ಸಂಜೆ ಆರರಿಂದ ಎಂಟರ ಸರದಿ

ರೂಟರಿನಲ್ಲಿ ಏನು ಬದಲಾಯಿಸಿ ಸೇವ್ ಒತ್ತಿದರೂ ಅದು ಒಂದು ಸಲ ಪೂರ್ತಿ ಆರಿಹೋಗುತ್ತದೆ. ಮತ್ತೆ ಎದ್ದು, ಒಂದೊಂದೇ ದೀಪ ಹೊತ್ತಿಸಿಕೊಂಡು, ಕೊನೆಯ ದೀಪ ಹಸಿರಾಗುವುದಕ್ಕೆ ಎರಡು ನಿಮಿಷ ಬೇಕು. ಮಳವಳ್ಳಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಟರ್ನೆಟ್ ಸರಿಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಎರಡು ನಿಮಿಷ. ಆಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಮನೆಯವರು ದೀಪ ನೋಡುತ್ತಾ ನಿಂತಿರುತ್ತಾರೆ, ನಾನು ನೆಲ ನೋಡುತ್ತಾ ಕೂತಿರುತ್ತೇನೆ.

ನೆಲ ನೋಡುವುದು ನನ್ನ ಚಟ. ಹಲಗೂರಿನ ಹೊಸ ಮನೆಗಳಲ್ಲಿ ಮುಖ ಕಾಣುವ ಟೈಲ್ಸ್, ಭಾರತೀನಗರದಲ್ಲಿ ಕಾಲೇಜು ಹುಡುಗರ ಬಾಡಿಗೆ ಕೋಣೆಗಳಲ್ಲಿ ಕಾಫಿ ಕಲೆಯ ಸಿಮೆಂಟು, ಬೆಳಕವಾಡಿ ರಸ್ತೆಯ ಹಳೆಯ ಮನೆಗಳಲ್ಲಿ ಎಣ್ಣೆ ಕುಡಿದು ಮಿರುಗುವ ಕೆಂಪು ಗಾರೆ. ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು, ಚಪ್ಪಲಿ ಬಿಟ್ಟು, ಅಂಗಾಲು ಊರಿದ ಕೂಡಲೇ ಆ ಮನೆ ಒಂದಿಷ್ಟು ಗೊತ್ತಾಗಿಬಿಡುತ್ತದೆ. ಲ್ಯಾಪ್‌ಟಾಪ್ ತೊಡೆಯ ಮೇಲಿರುತ್ತದೆ, ಮನಸ್ಸು ಎಲ್ಲೋ ತೇಲುತ್ತಿರುತ್ತದೆ. ದೀಪ ಹಸಿರಾದ ಮೇಲೂ ನನಗೆ ಎಚ್ಚರವಾಗದೆ, “ಬಂತಲ್ಲವ್ವ!” ಎಂದು ಮನೆಯವರೇ ಅಲ್ಲಾಡಿಸಿದ್ದುಂಟು.

ಈ ಚಟ ಅಂಟಿದ್ದು ಅಪ್ಪನ ದೆಸೆಯಿಂದ. ಅಪ್ಪ ನೀರುಗಂಟಿ. ನಾಲೆಯಲ್ಲಿ ನೀರು ಬಿಟ್ಟಾಗ ತೂಬು ತೆಗೆದು, ಇಂಥವರ ಗದ್ದೆಗೆ ಇಷ್ಟು ಹೊತ್ತು, ಆಮೇಲೆ ಇಂಥವರಿಗೆ ಎಂದು ಸರದಿ ಹೇಳಿ ನೀರು ತಿರುಗಿಸುವುದು ಅವನ ಕೆಲಸವಾಗಿತ್ತು, ತಾತನದೂ ಅದೇ. ನಾಲೆಯ ಕೆಳಗಿನ ಮೂರು ಊರುಗಳಲ್ಲಿ ಎಂಥ ದೊಡ್ಡ ಮನೆತನದವರೇ ಆಗಲಿ, ಸರದಿಯ ವಿಷಯದಲ್ಲಿ ಅಪ್ಪನ ಮಾತಿಗೆ ಎದುರಾಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮೊದಲ ಮೊರದ ಭತ್ತ ಅವನ ಹೆಗಲ ವಲ್ಲಿಗೆ ಬೀಳುತ್ತಿತ್ತು. ಆದರೆ ಅದೇ ಜನರ ಮನೆ ಮುಂದೆ ಅಪ್ಪ ನಿಲ್ಲುತ್ತಿದ್ದದ್ದು ಜಗಲಿಯ ಕೆಳಗೆ, ಬೀದಿಯಲ್ಲಿ. ನಮ್ಮದು ಊರಾಚೆಯ ಕೇರಿ. ಒಳಗೆ ಬರಬೇಡ ಎಂದು ಅಪ್ಪನಿಗೆ ಯಾರೂ ಅಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ನಾನೂ ಅಪ್ಪನ ಜೊತೆ ಬಯಲಿಗೆ ಹೋಗುತ್ತಿದ್ದೆ. ಅಪ್ಪ ತೂಬಿನ ಹತ್ತಿರ, ನಾನು ಬಯಲಿನ ಕೊನೆಯಲ್ಲಿ. ನಡುವೆ ಕೂಗಿದರೆ ಕೇಳದಷ್ಟು ಭತ್ತ. ಅದಕ್ಕೇ ನೀರುಗಂಟಿಗಳಿಗೆ ಕೈಯಲ್ಲಿ ಮಾತಾಡುವ ಅಭ್ಯಾಸ. ಒಂದು ಕೈ ನೆಟ್ಟಗೆ ಮೇಲೆತ್ತಿದರೆ ನೀರು ಬಂತು ಎಂದರ್ಥ. ಎರಡೂ ಕೈ ಎದೆಯ ಮುಂದೆ ಕತ್ತರಿ ಹಾಕಿದರೆ ಮುಚ್ಚು. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದರೆ ಒಸಿ ತಾಳು. ನೀರಿಗೂ ಮುಂಚೆ ಅದರ ವಾಸನೆ ಬರುತ್ತಿತ್ತು. ಆಮೇಲೆ ಬಿರಿದ ಮಣ್ಣು ಚುರ್ರೆನ್ನುವ ಸದ್ದು, ಬಿಲದಿಂದೆದ್ದು ಓಡುವ ಏಡಿಗಳು, ಕೊನೆಗೆ ನನ್ನ ಕಾಲ್ಬೆರಳ ಸಂದಿಯಲ್ಲಿ ನೊರೆ. ನಾನು ಕೈ ಎತ್ತುತ್ತಿದ್ದೆ. ಹಸಿರಿನ ಆಚೆ ದಡದಲ್ಲಿ, ಕಡ್ಡಿಯಷ್ಟು ಸಣ್ಣಗೆ, ಅಪ್ಪನ ಕೈ ಮೇಲೇಳುತ್ತಿತ್ತು. ಈಗಲೂ ನನ್ನ ಕನಸಿನಲ್ಲಿ ಹೆಚ್ಚಾಗಿ ಬರುವುದು ಆ ಬಯಲೇ.

ಪಕ್ಕದ ಊರಿನಲ್ಲಿ, ಬೆಳಕವಾಡಿ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಎರಡು ಕಲ್ಲುಜಗಲಿಗಳ ಒಂದು ದೊಡ್ಡ ಮನೆಯಿತ್ತು. ನಮ್ಮ ತೂಬಿನ ಕೆಳಗೆ ಅವರ ಗದ್ದೆಯೇ ಹೆಚ್ಚು. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಬೀದಿಯ ಬಿಸಿಲಿನಲ್ಲಿ ನಿಂತು ನೋಡಿದರೆ ಒಳಗೆ ಬರೀ ಕತ್ತಲೆ. “ಅಪ್ಪ, ಒಳಗೆ ಏನೈತೆ?” ಎಂದು ಒಂದು ದಿನ ಕೇಳಿದ್ದೆ.

“ನಾನು ಅವ್ರ ಗದ್ದೆ ನೋಡಿವ್ನಿ ಕಣವ್ವ, ಮನೆ ನೋಡಿಲ್ಲ,” ಎಂದ ಅಪ್ಪ.

ಅವನ ದನಿಯಲ್ಲಿ ಬೇಸರ ಕೂಡ ಇರಲಿಲ್ಲ. ಅವನಿಗೆ ಬರಬೇಕಾಗಿದ್ದ ಸಿಟ್ಟೆಲ್ಲ ಒಟ್ಟಾಗಿ ನನಗೆ ಬಂದಿದೆ ಎಂದು ನನ್ನ ಗಂಡ ಗೇಲಿ ಮಾಡುತ್ತಾನೆ. ಅದೇನೂ ಸುಳ್ಳಲ್ಲ.

ಎರಡು ವರ್ಷದ ಹಿಂದೆ ಅದೇ ಮನೆಯಿಂದ ದೂರು ಬಂತು. “ನೆಟ್ಟು ಬತ್ತದೆ, ಓಯ್ತದೆ” ಎಂದು ಅವರು ಹೇಳಿದ ಹಾಗೆಯೇ ಆಫೀಸಿನ ಹುಡುಗಿ ಬರೆದುಕೊಂಡಿದ್ದಳು. ವಿಳಾಸವನ್ನು ಎರಡು ಸಲ ಓದಿದೆ. ಅಪ್ಪ ಆಗಲೇ ಕೆಲಸ ಬಿಟ್ಟು ಮಳವಳ್ಳಿಯ ನಮ್ಮ ಮನೆಯಲ್ಲೇ ಇದ್ದ. ಅವನಿಗೆ ಹೇಳದೆ ಹೊರಟೆ.

ಕಂಪನಿಯ ನೀಲಿ ಅಂಗಿ ತೊಟ್ಟವಳಿಗೆ ಯಾವ ಹೊಸ್ತಿಲೂ ಅಡ್ಡ ಬರುವುದಿಲ್ಲ. “ಬಾರವ್ವ, ಒಳಗದೆ ಡಬ್ಬ,” ಎಂದು ಮನೆಯ ಯಜಮಾನ ಮುಂದೆ ನಡೆದ. ಅರವತ್ತು ದಾಟಿದ ದಪ್ಪ ಮೀಸೆಯ ಮನುಷ್ಯ. ನಾನು ಹಿಂದೆ ಹೋದೆ. ಅಷ್ಟು ವರ್ಷ ಹೊರಗಿನಿಂದ ನೋಡಿದ್ದ ಕತ್ತಲೆಯೊಳಗೆ ಕಾಲಿಟ್ಟಿದ್ದೆ, ಆದರೆ ನೆಲ ನೋಡಲಿಲ್ಲ. ಕಣ್ಣೆಲ್ಲ ಗೋಡೆಯ ಮೇಲಿನ ರೂಟರಿನ ಮೇಲೇ. ಅವನು ಮುಂದೆ ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು.

“ಯಾವೂರವ್ವ? ಯಾರ ಮಗಳು?”

ಈ ಪ್ರಶ್ನೆ ನಿಜವಾಗಿ ಏನನ್ನು ಕೇಳುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೇರೆ ಮನೆಗಳಲ್ಲಾದರೆ “ಕಂಪ್ನಿ ಮಗಳು” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಅಂದು ಮಾತ್ರ “ಮದ್ದೂರು ಕಡೆ” ಎಂದು ಗೊಣಗಿದೆ. ಮದ್ದೂರಿನಲ್ಲಿ ನಮಗೆ ಒಬ್ಬ ನೆಂಟರೂ ಇಲ್ಲ. ಆ ಸುಳ್ಳು ಹೇಳಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ರೂಟರಿನ ಬೆನ್ನಲ್ಲಿ ಐದು ತೂತುಗಳಿರುತ್ತವೆ. ನಾಲ್ಕು ಒಂದೇ ಬಣ್ಣ, ಒಂದು ಮಾತ್ರ ಬೇರೆ. ಆ ಬೇರೆ ಬಣ್ಣದ್ದನ್ನು ವ್ಯಾನ್ ಅನ್ನುತ್ತೇವೆ. ಹೊರಗಿನಿಂದ ಬರುವುದೆಲ್ಲ ಅದರಿಂದಲೇ ಬರಬೇಕು. ಅದಕ್ಕೊಂದು ಪುಟವಿದೆ, ಹೊರಗಿನ ಜೊತೆ ಯಾವ ಪದ್ಧತಿಯಲ್ಲಿ ಮಾತಾಡಬೇಕು ಎಂದು ಅಲ್ಲಿ ಹೇಳಬೇಕು. ತಾನಾಗಿ ವಿಳಾಸ ಸಿಗುವುದು ಒಂದು ಪದ್ಧತಿ, ಬರೆದಿಟ್ಟ ವಿಳಾಸ ಒಂದು, ಹೆಸರು ಮತ್ತು ಪಾಸ್‌ವರ್ಡ್ ಹೇಳಿ ಬಾಗಿಲು ತೆಗೆಸಿಕೊಳ್ಳುವ ಪಿಪಿಪಿಒಇ ಇನ್ನೊಂದು. ನಮ್ಮ ಕಂಪನಿಯದು ಈ ಮೂರನೆಯದು. ಒಳಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ವ್ಯಾನ್ ಪುಟದಲ್ಲಿ ಒಂದು ಅಕ್ಷರ ತಪ್ಪಿದರೆ ಮನೆಗೆ ಏನೂ ಬರುವುದಿಲ್ಲ.

ಆ ಮನೆಯ ಪುಟದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೂ ನಿಮಿಷಕ್ಕೊಮ್ಮೆ ಕಂಪನಿಯ ಕಡೆಯಿಂದ ಬಾಗಿಲು ಮುಚ್ಚುತ್ತಿತ್ತು, ರೂಟರ್ ಮತ್ತೆ ತಟ್ಟುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಹುಡುಗಿ ಕಣ್ಣಿಗೆ ಬಿದ್ದಳು. ಯಜಮಾನನ ಮಗಳು, ಇಪ್ಪತ್ತರ ಆಸುಪಾಸು. ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟುಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ರೂಟರಿನ ದೀಪವನ್ನೇ ನೋಡುತ್ತಿದ್ದಳು.

“ಅವ್ಳಿಗೆ ಕಿವಿ ಕೇಳಕಿಲ್ಲ, ಮಾತೂ ಬರಕಿಲ್ಲ,” ಎಂದಳು ಅವಳ ತಾಯಿ. ಹುಡುಗಿ ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವಳು. ಜೊತೆಗೆ ಓದಿದ ನಾಲ್ವರು ಗೆಳತಿಯರು ಈಗ ನಾಲ್ಕು ಊರುಗಳಲ್ಲಿದ್ದಾರೆ. ದಿನಾ ಸಂಜೆ ಆರರಿಂದ ಎಂಟರವರೆಗೆ ಐದೂ ಜನ ವಿಡಿಯೊದಲ್ಲಿ ಸೇರಿ ಕೈಯಲ್ಲಿ ಮಾತಾಡುತ್ತಾರೆ. ಆ ಊರಿನಲ್ಲಿ ಮೊಬೈಲ್ ಸಿಗ್ನಲ್ ಮಾಳಿಗೆ ಹತ್ತಿ ನಿಂತರೆ ಬರೀ ಮಾತಿಗೆ ಸಾಕು, ವಿಡಿಯೊಗೆ ಸಾಲದು. “ನಮ್ಗೆ ಅವ್ಳ ಕೈಮಾತು ಬರಕಿಲ್ಲ ಕಣವ್ವ. ಉಣ್ಣು, ಬಾ, ಮನಿಕ್ಕೊ, ಅಷ್ಟೇಯ. ಒಂದು ತಿಂಗ್ಳಾಯ್ತು, ಮಧ್ಯಕ್ಕೆ ನಿಂತೋಯ್ತದೆ. ಈಗ ಗೆಳತೀರೂ ಇವ್ಳ್‌ನ ಬುಟ್ಟು ಮಾತಾಡ್ಕತಾವ್ರಂತೆ. ಊಟನೂ ಸರ್ಯಾಗಿ ಮಾಡಕಿಲ್ಲ.”

ಇದನ್ನು ಕೇಳಿ ನನಗೆ ಆ ಮನೆಯ ಮೇಲಿದ್ದ ಹಳೆಯ ಸಿಟ್ಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ದಿನಕ್ಕೆ ಎರಡು ಗಂಟೆ ಮಾತ್ರ ಮಾತಿರುವ ಹುಡುಗಿ, ಅದನ್ನೂ ಯಾರೋ ನಿಮಿಷಕ್ಕೊಮ್ಮೆ ಕಿತ್ತುಕೊಳ್ಳುತ್ತಿದ್ದರು.

ಯಾರು ಎಂಬುದು ಗೋಡೆಯಾಚೆ ಗೊತ್ತಾಯಿತು. ಮನೆಯ ನಡುವೆ, ತೊಟ್ಟಿಯನ್ನೇ ಸೀಳಿಕೊಂಡು, ಪ್ಲಾಸ್ಟರಿಲ್ಲದ ಇಟ್ಟಿಗೆ ಗೋಡೆ ಎದ್ದಿತ್ತು. ಆ ಕಡೆ ಯಜಮಾನನ ತಮ್ಮನ ಸಂಸಾರ. ಭಾಗವಾದ ಹೊಸತು. ಕಂಪನಿಯ ತಂತಿ ಬರುತ್ತಿದ್ದದ್ದು ತಮ್ಮನ ಕಡೆಗೆ. ಅಲ್ಲಿಂದ ಗೋಡೆ ಹತ್ತಿ ಒಂದು ಕೇಬಲ್ ಅಣ್ಣನ ಕಡೆಗೆ ಇಳಿದಿತ್ತು. ಆ ಕಡೆಯೂ ಒಂದು ರೂಟರ್. ಎರಡರ ವ್ಯಾನ್ ಪುಟದಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬಾಗಿಲು ಮುಚ್ಚಿದರೆ ಕೂಡಲೇ ಮತ್ತೆ ತಟ್ಟು ಎಂಬ ಅಪ್ಪಣೆ. ಒಂದು ಹೆಸರಿಗೆ ಒಂದು ಹೊತ್ತಿನಲ್ಲಿ ಒಂದೇ ಬಾಗಿಲು. ಅಣ್ಣನ ರೂಟರ್ ಒಳಗೆ ಹೋದರೆ ತಮ್ಮನದು ಹೊರಗೆ, ತಮ್ಮನದು ಹೋದರೆ ಅಣ್ಣನದು ಹೊರಗೆ. ಅಣ್ಣತಮ್ಮ ಬಾಯಿಬಿಟ್ಟು ಬೈದಾಡದೆ ತಿಂಗಳಾಗಿತ್ತಂತೆ. ಅವರ ಪಾಲಿನ ಜಗಳವನ್ನು ಡಬ್ಬಗಳು ಆಡುತ್ತಿದ್ದವು.

“ಇದು ಯಾರು ಮಾಡಿದ್ದು?” ಎಂದೆ.

ಯಜಮಾನ ಬೀರುವಿನಿಂದ ಭಾಗಪತ್ರ ತಂದು ಬಿಚ್ಚಿದ. ಊರಿನ ಹಿರಿಯರು ಕೂತು ಬರೆಸಿದ್ದು. ಎಂಟು ತೆಂಗಿನ ಮರಕ್ಕೂ ಪಂಪ್‌ಸೆಟ್ಟಿಗೂ ನಡುವೆ ಒಂದು ಸಾಲಿತ್ತು: ‘ಇಂಟರ್ನೆಟ್ಟು ಉಭಯತ್ರರಿಗೂ ಸಮಭಾಗ.’ ಅದರಂತೆ ಅಣ್ಣ ಹೊಸ ರೂಟರ್ ತಂದು, ಗೊತ್ತಿದ್ದವರ ಕೈಲಿ ತಮ್ಮನದರ ಹಾಗೆಯೇ ಬರೆಸಿದ್ದ. ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಇನ್ನೊಂದು ಕನೆಕ್ಷನ್ ತಗೊಳ್ಳಿ ಎಂದೆ. “ನಾನ್ಯಾಕೆ ತಗೊಳ್ಲಿ? ಭಾಗ ಬುಟ್ಟುಕೊಟ್ಟಂಗಾಯ್ತದೆ,” ಎಂದ ಅಣ್ಣ. ಗೋಡೆಯಾಚೆ ತಮ್ಮನೂ ಅಕ್ಷರಕ್ಕಕ್ಷರ ಅದನ್ನೇ ಅಂದ. ಒಂದೇ ರೂಟರಿನಿಂದ ಎರಡೂ ಮನೆಗೆ ಕೊಡುತ್ತೇನೆ ಎಂದೆ. ಅವನ ಮನೆ ಡಬ್ಬದಿಂದ ನನಗೆ ಬೇಡ, ಮನಸ್ಸು ಬಂದಾಗ ಅವನು ಸ್ವಿಚ್ಚು ಆರಿಸಿದರೆ? ಎಂದರು ಇಬ್ಬರೂ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಿ ಎತ್ತಿಗೂ ಕೋಣಕ್ಕೂ ಹೇಳಬಹುದು, ಇವರಿಗೆ ಹೇಳಲಾಗಲಿಲ್ಲ. ಸಾಮಾನು ಕಟ್ಟಿಕೊಂಡು ಹೊರಟೆ. ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ಮೊಬೈಲನ್ನು ಮಗುಚಿ ಇಟ್ಟಳು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ಬಿಡಿಸತೊಡಗಿದೆ. ಯಾರ ಮನೆಯೆಂದು ಹೇಳದೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನಿಗೆ ರೂಟರ್ ಎಂದರೇನೆಂದು ಗೊತ್ತಿಲ್ಲ. ಆದರೆ ಒಂದೇ ತೂಬಿಗೆ ಇಬ್ಬರು ಹಾರೆ ಹಿಡಿದು ನಿಂತದ್ದು ಅವನಿಗೆ ಚೆನ್ನಾಗಿ ಅರ್ಥವಾಯಿತು.

“ಸಮಭಾಗ ಅಂತ ಇಬ್ರಿಗೂ ಒಂದೇ ಸಲ ಬುಟ್ರೆ ಇಬ್ರ ಗದ್ದೆನೂ ನೆನೆಯಕಿಲ್ಲ,” ಎಂದ. “ಸರದಿ ಕಟ್ಟು. ಸರದಿ ಅಂದ್ರೆ ಸಮ ಅಲ್ಲ ಕಣವ್ವ. ಮೊದ್ಲು ಯಾರ ಪೈರು ಬಾಡ್ತಾ ಅದೆ ನೋಡ್ಬೇಕು. ಅವ್ರಿಗೆ ಅವ್ರ ಒತ್ತು ಕೊಟ್ಬುಟ್ಟು, ಮಿಕ್ಕಿದ್ದು ಇನ್ನೊಬ್ರಿಗೆ ಒಸಿ ಜಾಸ್ತಿನೇ ಕೊಡ್ಬೇಕು. ಆಗ ಬಾಯಿ ಮುಚ್ಕತಾರೆ.”

ಅವರೆಕಾಳು ನನ್ನ ಕೈಯಲ್ಲೇ ಉಳಿಯಿತು. ವ್ಯಾನ್ ಪುಟದ ತೀರಾ ಕೆಳಗೆ, ಯಾರೂ ಮುಟ್ಟದ ಒಂದು ಆಯ್ಕೆಯಿದೆ: ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮಾತ್ರ ಬಾಗಿಲು ತಟ್ಟು. ಅಷ್ಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಅದು ಏತಕ್ಕಿದೆ ಎಂದು ಯೋಚಿಸಿಯೂ ಇರಲಿಲ್ಲ.

ಮರುದಿನ ಕೆಲಸದ ನಡುವೆ ಮತ್ತೆ ಹೋದೆ. ಅಣ್ಣತಮ್ಮ ಇಬ್ಬರನ್ನೂ ಬೀದಿಗೆ ಕರೆದು ಸರದಿಯ ಮಾತು ಹೇಳಿದೆ. ಸರದಿ ಎಂಬ ಪದ ಕಿವಿಗೆ ಬಿದ್ದದ್ದೇ ಇಬ್ಬರ ಮುಖವೂ ಸಡಿಲವಾಯಿತು. ಅದು ಅವರಿಗೆ ಗೊತ್ತಿದ್ದ ಲೋಕ. ತೊಡಕು ಬಂದದ್ದು ಸಂಜೆ ಆರರಿಂದ ಎಂಟರ ಹತ್ತಿರ. ಆ ಹೊತ್ತು ದಿನಾ ಹುಡುಗಿಗಿರಲಿ ಎಂದೆ. ತಮ್ಮ ಒಪ್ಪಲಿಲ್ಲ. ಆ ಹೊತ್ತಿಗೆ ಅವನ ಹೆಂಡತಿಯ ಧಾರಾವಾಹಿ. “ಒಂದಿನ ಅವ್ರು, ಒಂದಿನ ನಾವು. ಪತ್ರದಲ್ಲಿ ಸಮಭಾಗ ಅಂತ್ಲೇ ಅದೆ.”

“ನಾಲ್ಕು ಜನ ಗೆಳತೀರು ಒಂದಿನ ಬಿಟ್ಟು ಒಂದಿನ ಕಾಯ್ತಾರಾ?” ಎಂದೆ.

“ಅದ್ನೆಲ್ಲ ಏಳಾಕೆ ನೀನ್ಯಾರವ್ವ? ಡಬ್ಬ ರಿಪೇರಿ ಮಾಡೋಳು ಡಬ್ಬ ರಿಪೇರಿ ಮಾಡು,” ಎಂದ ತಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. “ನೀರುಗಂಟಿ ಮಗಳು!” ಎಂದುಬಿಟ್ಟೆ. “ನಿಮ್ಮ ಗದ್ದೆಗೆ ನಲವತ್ತು ವರ್ಷ ನೀರು ತಿರುಗಿಸಿದನಲ್ಲ, ಅವನ ಮಗಳು. ಸರದಿ ಹೇಳೋಕೆ ಇನ್ಯಾರು ಬರಬೇಕು ನಿಮಗೆ?”

ಅಣ್ಣ ನನ್ನನ್ನು ನೋಡಿದ, ತೆರೆದ ಬಾಗಿಲನ್ನು ನೋಡಿದ. ಹಿಂದಿನ ದಿನ ನಾನು ಎಲ್ಲಿ ಕೂತಿದ್ದೆ, ಏನು ಮುಟ್ಟಿದ್ದೆ ಎಂದು ಅವನ ಮನಸ್ಸು ಒಂದು ಸುತ್ತು ಹಾಕಿ ಬಂದದ್ದು ನನಗೆ ಕಾಣಿಸಿತು. ಮದ್ದೂರು ಕಡೆಯವಳೆಂದು ಸುಳ್ಳು ಹೇಳಿದ್ದೂ ಅವನಿಗೆ ನೆನಪಾಗಿರಬೇಕು. ಬೈಸಿಕೊಳ್ಳೋಣ, ತಿರುಗಿ ಬೈಯೋಣ ಎಂದು ನಾನೂ ಟೊಂಕ ಕಟ್ಟಿ ನಿಂತೆ.

“ಅವ್ನು ಚೆನ್ನಾಗವ್ನಾ?” ಎಂದ ಅಣ್ಣ.

“ಮಳವಳ್ಳೀಲವ್ನೆ, ನಮ್ಮ ಮನೇಲಿ.”

“ಅವ್ನು ಬಂದು ಏಳ್ಲಿ. ಅವ್ನು ಏಳಿದ್ರೆ ಆಯ್ತು.” ತಮ್ಮನೂ ತಲೆ ಆಡಿಸಿದ. “ನಮ್ಮಪ್ಪನ ಕಾಲದಿಂದ ಒಂದಿನ ಮೋಸ ಮಾಡ್ದೋನಲ್ಲ ಅವ್ನು. ಕರ್ಕೊಂಡ್ ಬಾ.”

ಬೀದಿಗೆ ಬರಲಿ ಎಂದರೋ ಮನೆಗೆ ಬರಲಿ ಎಂದರೋ ನಾನು ಕೇಳಲಿಲ್ಲ.

ಅಪ್ಪನಿಗೆ ಯಾವ ಮನೆಯೆಂದು ಆಗ ಹೇಳಿದೆ. ಅವನು ಎದ್ದು ಒಗೆದ ಪಂಚೆ ಹುಡುಕಿದ. ಭಾನುವಾರ ಸಂಜೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ನಾನು ಎರಡು ಸಣ್ಣ ಬ್ಯಾಟರಿಗಳನ್ನೂ ಕೊಂಡಿದ್ದೆ. ಸೇವ್ ಒತ್ತಿ ಆರಿದರೆ ರೂಟರಿಗೆ ಗಂಟೆ ನೆನಪಿರುತ್ತದೆ, ಕರೆಂಟೇ ಹೋಗಿ ಬಂದರೆ ಮರೆತುಹೋಗುತ್ತದೆ. ಗಂಟೆ ತಿಳಿಯಲು ಅದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಗಂಟೆ ತಿಳಿದಿರಬೇಕು. ಇದನ್ನು ಅಪ್ಪನಿಗೆ ವಿವರಿಸಿದಾಗ, “ನಮ್ ಪಂಚಾಯ್ತಿಯೋರಂಗೆ,” ಎಂದ. ನಾಲೆಯ ಏರಿ ಮೇಲೆ ಬರುವಾಗ ಎಲ್ಲೋ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ತೇಲಿಬಂತು. ಬಯಲು ಹಳದಿ ಬೆಳಕಿನಲ್ಲಿ ಅರೆನಿದ್ದೆಯಲ್ಲಿದ್ದಂತಿತ್ತು. ಅಪ್ಪ ಹಿಂದಿನಿಂದ ಒಂದೊಂದೇ ಗದ್ದೆಯ ಹೆಸರು ಹೇಳುತ್ತಾ ಬಂದ, ಸತ್ತವರ ಗದ್ದೆಯನ್ನೂ ಸತ್ತವರ ಹೆಸರಿನಲ್ಲೇ. ನಾನು ಎಂಟು ವರ್ಷದವಳೋ ನಲವತ್ತರವಳೋ ಎಂಬುದು ಸ್ವಲ್ಪ ಹೊತ್ತು ನನಗೇ ಮರೆತುಹೋಗಿತ್ತು.

ಮನೆ ಬಂದಾಗ ಅಪ್ಪ ಇಳಿದು, ತಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಜಗಲಿಯ ಕೆಳಗೆ, ಕಲ್ಲಿನ ಎಡಕ್ಕೆ. ಚಪ್ಪಲಿಯನ್ನು ಬೀದಿಯಂಚಿನಲ್ಲೇ ಬಿಟ್ಟಿದ್ದ. ಯಜಮಾನ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಬೀದಿಗೆ ಹಾಕಿಸಿದ. ನನ್ನ ಮುಷ್ಟಿ ಬಿಗಿಯಿತು. ಅಪ್ಪ ನನ್ನ ಕಡೆ ನೋಡಿ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದ. ಒಸಿ ತಾಳು.

ಇಬ್ಬರ ಮಾತನ್ನೂ ಕೇಳಿದ ಮೇಲೆ ಅಪ್ಪ ಹಿಂದಿನ ಕಾಲದ ಹಾಗೆಯೇ ಕೇಳಿದ: “ಎಲ್ಲಿ, ಬಾಡ್ತಿರೋ ಪೈರು ತೋರ್ಸಿ.”

ತಾಯಿ ಮಗಳನ್ನು ಬಾಗಿಲಿಗೆ ಕರೆತಂದಳು. ಇಷ್ಟು ಜನರನ್ನು ನೋಡಿ ಹುಡುಗಿ ಬೆದರಿ ಹಿಂದಕ್ಕೆ ಸರಿದಳು. ಅಪ್ಪ ಕೂಗಲಿಲ್ಲ. ಬಯಲಿನ ಆ ತುದಿಯಲ್ಲಿ ನನ್ನನ್ನು ಕರೆಯುತ್ತಿದ್ದ ಹಾಗೆ ಕೈ ಅಗಲಿಸಿ, ಮತ್ತೆ ಅಂಗೈ ಕೆಳಗೆ ಮಾಡಿ ಆಡಿಸಿದ. ಹುಡುಗಿ ನಿಂತುಬಿಟ್ಟಳು. ಮನೆಯವರಲ್ಲದೆ ಆ ಊರಿನಲ್ಲಿ ಒಬ್ಬರು ಅವಳ ಜೊತೆ ಕೈಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು. ಅವಳ ಕೈಗಳು ಮೇಲೆದ್ದವು. ಏನೋ ಕೇಳಿದಳು, ಕೈ ಜೋರಾಗಿ ಆಡಿಸಿ, ಎರಡು ಸಲ. ಅಪ್ಪನಿಗೆ ಒಂದೂ ಅರ್ಥವಾಗಿರಲಾರದು. ಅವನು ತಮ್ಮನ ಮನೆಯ ಕಡೆ ತೋರಿಸಿದ, ಎರಡೂ ಕೈ ಎದೆಯ ಮುಂದೆ ಕತ್ತರಿ ಹಾಕಿದ: ಮುಚ್ಚು. ಆಮೇಲೆ ಅವಳ ಕಡೆ ತೋರಿಸಿ ಒಂದು ಕೈ ನೆಟ್ಟಗೆ ಮೇಲೆತ್ತಿದ. ಅವಳಿಗೆ ಅರ್ಥವಾಯಿತು. ಮುಖವೆಲ್ಲ ಅರಳಿತು.

ಅವಳು ಜಗಲಿ ಇಳಿದು ಬಂದು ಅಪ್ಪನ ಮಣಿಕಟ್ಟು ಹಿಡಿದಳು. ರೂಟರ್ ತೋರಿಸಬೇಕಾಗಿತ್ತು ಅವಳಿಗೆ.

“ಇಲ್ಲೇ ಇರ್ಲಿ ಬುಡವ್ವ, ಇಲ್ಲೇ ಸರಿ, ನಾನು ಇಲ್ಲೇ ಇರ್ತೀನಿ,” ಎಂದ ಅಪ್ಪ. ನಲವತ್ತು ವರ್ಷದಿಂದ ಅವನ ಬಾಯಲ್ಲಿ ಕೂತಿದ್ದ ಮಾತು. ಅವಳಿಗೆ ಅದು ಕೇಳಲಿಲ್ಲ. ಯಜಮಾನ ಏನೋ ಹೇಳಲು ಬಾಯಿ ತೆರೆದ. ಅದು ಕೂಡ ಅವಳಿಗೆ ಕೇಳುತ್ತಿರಲಿಲ್ಲ. ಅವನು ಬಾಯಿ ಮುಚ್ಚಿದ. ಹುಡುಗಿ ಎಳೆದಳು. ಅಪ್ಪ ಒಂದು ಮೆಟ್ಟಿಲು ಹತ್ತಿದ, ಜಗಲಿ ದಾಟಿದ, ಹೊಸ್ತಿಲ ಮುಂದೆ ಒಂದು ಗಳಿಗೆ ಕಾಲು ತಡೆದ. ಆಮೇಲೆ ಒಳಗಿನ ಕತ್ತಲೆ ಅವನ ಬಿಳಿ ಪಂಚೆಯನ್ನು ತುಂಬಿಸಿಕೊಂಡಿತು. ನಾನು ಹಿಂದೆ ಓಡಿದೆ. ನನ್ನ ಕಣ್ಣು ಮಂಜಾಗಿತ್ತು, ಹೊಸ್ತಿಲು ಎಡವಿದೆ.

ಒಳಗೆ ಅಪ್ಪ ತೀರ್ಪು ಹೇಳಿದ. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಅಣ್ಣನ ಮನೆ. ಉಳಿದ ಹೊತ್ತೆಲ್ಲ ತಮ್ಮನ ಮನೆ. “ನಂಗೆ ಅರ್ಧಾನೂ ಬರ್ಲಿಲ್ವಲ್ಲ,” ಎಂದ ಅಣ್ಣ. “ನಿಂಗೆ ಗಂಟೆ ಬೇಕೋ, ಮಗ್ಳ ಮಾತು ಬೇಕೋ?” ಎಂದ ಅಪ್ಪ. ಬಾಗಿಲ ಬಳಿ ನಿಂತಿದ್ದ ತಮ್ಮ, ಭಾಗವಾದ ಮೇಲೆ ಮೊದಲ ಸಲ ಆ ಕಡೆಗೆ ಬಂದವನು, ತನಗೆ ಸಿಕ್ಕ ಗಂಟೆಗಳನ್ನು ಬೆರಳಲ್ಲಿ ಎಣಿಸಿಕೊಂಡು ಒಪ್ಪಿದ. ಧಾರಾವಾಹಿಯನ್ನು ಎಂಟರ ಮೇಲೆ ನೋಡಿದರಾಯಿತು ಎಂದು ಅವನ ಹೆಂಡತಿ ಗೋಡೆಯಾಚೆಯಿಂದಲೇ ಕೂಗಿದಳು.

ನಾನು ಮೊದಲು ತಮ್ಮನ ರೂಟರಿಗೆ ಬ್ಯಾಟರಿ ಜೋಡಿಸಿ, ಅವನ ಹೊತ್ತು ಬರೆದು ಬಂದೆ. ಆಮೇಲೆ ಅಣ್ಣನದು. ವ್ಯಾನ್ ಪುಟ, ಕೆಳಗಿನ ಆಯ್ಕೆ, ಎರಡರಿಂದ ಎಂಟು. ಸೇವ್. ದೀಪಗಳೆಲ್ಲ ಆರಿದವು.

ಆ ಎರಡು ನಿಮಿಷ ನಾನು ನೆಲ ನೋಡಲಿಲ್ಲ, ಅಪ್ಪನನ್ನು ನೋಡಿದೆ. ಅವನು ಕಂಬಕ್ಕೆ ಒರಗಿ ನಿಂತಿದ್ದ. ಯಾರೋ “ಕುಂತ್ಕೊ” ಎಂದರು; ಯಜಮಾನನೇ ಇರಬೇಕು. ಅಪ್ಪ ಕೂರಲಿಲ್ಲ. ತೂಬಿನ ಹತ್ತಿರ ನಿಂತವನು ನೀರು ಬರುವವರೆಗೆ ಕೂರುವುದಿಲ್ಲ. ಹುಡುಗಿ ಅವನ ಪಕ್ಕದಲ್ಲಿ ನಿಂತು ಡಬ್ಬವನ್ನೇ ನೋಡುತ್ತಿದ್ದಳು. ಒಂದು ದೀಪ ಬಂತು. ಇನ್ನೊಂದು. ಕೊನೆಯದು ಕೆಂಪಗೆ ಮಿನುಗಿ, ಮಿನುಗಿ, ಹಸಿರಾಯಿತು.

ಅಪ್ಪನ ಕೈ ನೆಟ್ಟಗೆ ಮೇಲೆದ್ದಿತು. ಹುಡುಗಿಯ ಕೈಯೂ ಎದ್ದಿತು.

ಆರು ದಾಟಿತ್ತು. ಚೊಂಬಿಗೆ ಒರಗಿಸಿದ ಮೊಬೈಲಿನಲ್ಲಿ ಒಂದು ಮುಖ ಬಂತು, ಎರಡು, ನಾಲ್ಕು. ಎಲ್ಲರ ಕೈಗಳೂ ಒಟ್ಟಿಗೆ ಆಡತೊಡಗಿದವು. ಹುಡುಗಿಯ ಕೈಗಳು ಎಷ್ಟು ವೇಗವಾಗಿ ಓಡಿದವೆಂದರೆ ತಿಂಗಳಿನ ಮಾತೆಲ್ಲ ಒಂದೇ ಸಲ ಹೊರಗೆ ಬರುತ್ತಿರಬೇಕು. ನಡುವೆ ಒಮ್ಮೆ ಅಪ್ಪನ ಕಡೆ ತೋರಿಸಿ ಒಂದು ಕೈ ಮೇಲೆತ್ತಿದಳು. ಪರದೆಯೊಳಗಿನ ನಾಲ್ವರೂ ಅಪ್ಪನಿಗೆ ಕೈ ಎತ್ತಿದರು. ಆ ನಡುಮನೆಯಲ್ಲಿ ಅಷ್ಟೊಂದು ಮಾತು ನಡೆಯುತ್ತಿತ್ತು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಂಟರವರೆಗೂ ಒಂದು ಸಲವೂ ನಿಲ್ಲಲಿಲ್ಲವೆಂದು ತಾಯಿ ಮರುದಿನ ಆಫೀಸಿಗೆ ಫೋನ್ ಮಾಡಿ ತಿಳಿಸಿದಳು.

ನಾವು ಕಾಫಿ ಕುಡಿದು ಹೊರಟೆವು. ಹಿಂದಿರುಗುವಾಗ ಅಪ್ಪ ಗದ್ದೆಗಳ ಹೆಸರು ಹೇಳಲಿಲ್ಲ. ನಾಲೆಯ ಸೇತುವೆ ದಾಟಿತು, ಬಯಲು ಹಿಂದಾಯಿತು, ಮಳವಳ್ಳಿಯ ದೀಪಗಳು ಕಾಣತೊಡಗಿದವು. ನಿದ್ದೆ ಹೋದನೇನೋ ಎಂದು ಸ್ಕೂಟರನ್ನು ನಿಧಾನ ಮಾಡಿದೆ. ಆಗ ಅಪ್ಪ ನನ್ನ ಭುಜದ ಹತ್ತಿರ ಬಾಗಿ, ಆ ಬೀದಿಯಲ್ಲಿ ನಾನು ಚಿಕ್ಕವಳಿದ್ದಾಗ ಕೇಳಿದ್ದ ಪ್ರಶ್ನೆಗೆ ಈಗ ತಾನೇ ನೆನಪಾಗಿ ಉತ್ತರ ಕೊಡುವವನ ಹಾಗೆ ಹೇಳಿದ:

“ಒಳಗೆ ನೆಲ ತಣ್ಣಗದೆ ಕಣವ್ವ.”